ಸೀಸನ್ ಓಪನ್, ಕೆರೆ ಕ್ಲೋಸ್

ಮೂವತ್ತೆರಡು ವರ್ಷ ಗುಮಾಸ್ತನಾಗಿ ಸುತ್ತೋಲೆ ಓದಿ, ಸುತ್ತೋಲೆ ಫೈಲು ಮಾಡಿ, ಸುತ್ತೋಲೆಗೆ ಅಂಜಿ ನಿವೃತ್ತನಾದವನು ನಾನು. ಅಂಥವನ ಕೈಗೆ ಅಕ್ಕನ ಮಗ ಒಂದು ಗಾಳದ ಕೋಲು ಕೊಟ್ಟ. ಹಿಮಾಚಲದ ತೀರ್ಥನ್ ಕಣಿವೆಗೆ ಟ್ರೌಟ್ ಮೀನು ಹಿಡಿಯಲು ಹೋಗಿದ್ದನಂತೆ. ಹೊಸ ಕೋಲು ಕೊಂಡ ಮೇಲೆ ಹಳೆಯದು ಸೋದರಮಾವನ ಪಾಲಿಗೆ ಬಂತು. ಕೋಲಿಗಿಂತ ನನ್ನ ಮನಸ್ಸು ಕಚ್ಚಿಕೊಂಡದ್ದು ಅವನು ಹೇಳಿದ ನಿಯಮಗಳನ್ನು.

"ಅಲ್ಲಿ ನವೆಂಬರ್ ಒಂದರಿಂದ ಫೆಬ್ರವರಿ ಮುಗಿಯೋವರೆಗೂ ಗಾಳ ಹಾಕೋ ಹಂಗಿಲ್ಲ ಮಾಮ. ಮೀನು ಮರಿ ಮಾಡೋ ಕಾಲ. ಮಾರ್ಚ್ ಒಂದಕ್ಕೆ ಸೀಸನ್ ಓಪನ್. ಲೈಸೆನ್ಸ್ ಬೇಕು. ಸಣ್ಣದು ಸಿಕ್ಕಿದ್ರೆ ವಾಪಸ್ ಬಿಡಬೇಕು. ಏನು ಬದಲಾಗಿದೆ ಅಂತ ವರ್ಷಾ ವರ್ಷಾ ನೋಡ್ಕೊಂಡೇ ನೀರಿಗಿಳೀಬೇಕು."

ಆಹಾ! ನಾನು ಇಷ್ಟು ದಿನ ಯಾವ ಹವ್ಯಾಸವೂ ಇಲ್ಲದೆ ಕೂತಿದ್ದದ್ದು ಇದಕ್ಕೇ ಇರಬೇಕು. ಇನ್ನೂರು ಪುಟದ ನೋಟ್‌ಬುಕ್ ತೆಗೆದು ಎಲ್ಲವನ್ನೂ ಬರೆದುಕೊಂಡೆ. "ಶಿಡ್ಲಘಟ್ಟದಲ್ಲೂ ಮಾರ್ಚ್ ಒಂದಕ್ಕೇ ಸೀಸನ್ ಶುರು" ಎಂದು ಘೋಷಿಸಿದೆ. ಅಡುಗೆಮನೆಯಿಂದ ಹೆಂಡತಿ, "ಆಗತ್ತೆ, ನೀರಿನ ಟ್ಯಾಂಕರ್ ಸೀಸನ್ನು" ಎಂದಳು.

ಟ್ರೌಟ್ ನಮ್ಮ ದೇಶದ ಮೀನಲ್ಲ. 1900ರಲ್ಲಿ ಬ್ರಿಟಿಷರು ಕಾಶ್ಮೀರಕ್ಕೆ, 1909ರಲ್ಲಿ ಕುಲು ಕಣಿವೆಗೆ ತಂದು ಬಿಟ್ಟದ್ದು. ದಕ್ಷಿಣದಲ್ಲಿ ನೀಲಗಿರಿಯ ತಣ್ಣೀರು ಅದಕ್ಕೆ ಒಗ್ಗಿತು. ನೀರು ಇಪ್ಪತ್ತು ಡಿಗ್ರಿ ದಾಟಿದರೆ ಅದಕ್ಕೆ ಏದುಸಿರು. ಚಳಿ ತಾನೇ ಬೇಕಾದ್ದು? 1,478 ಮೀಟರ್ ಎತ್ತರದ ನಂದಿಬೆಟ್ಟ ಇರುವುದು ನಮ್ಮ ಜಿಲ್ಲೆಯಲ್ಲೇ ಅಲ್ಲವೇ? ಆದರೆ ಅಲ್ಲಿರುವುದು ಮಂಜು. ಮಂಜಿನಲ್ಲಿ ಈಜುವ ಟ್ರೌಟ್ ಇನ್ನೂ ಹುಟ್ಟಿಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿಗಳಿಗೆಲ್ಲ ನಂದಿಯ ಸೀಮೆಯೇ ತವರು. ತವರಿನಲ್ಲಿ ಹೆಣ್ಣುಮಕ್ಕಳು ಎಷ್ಟು ದಿನ ಇದ್ದಾರು? ಒಬ್ಬಳು ಆಂಧ್ರಕ್ಕೆ, ಇಬ್ಬರು ತಮಿಳುನಾಡಿಗೆ, ಇನ್ನೊಬ್ಬಳು ಕಾವೇರಿಯ ಮನೆಗೆ. ನಮಗೆ ಉಳಿದದ್ದು ನಾಮಕರಣ ಮಾಡಿದ ಹೆಮ್ಮೆ.

ಟ್ರೌಟ್ ಇಲ್ಲದಿದ್ದರೇನು, ಟ್ರೌಟಿನ ನಿಯಮಗಳಿವೆಯಲ್ಲ ಎಂದು ತಯಾರಿಗೆ ಇಳಿದೆ. ನೈಲಾನ್ ಬರುವ ಮುಂಚೆ ಇಂಗ್ಲಿಷ್ ದೊರೆಗಳು ಟ್ರೌಟ್ ಹಿಡಿಯುತ್ತಿದ್ದದ್ದು ರೇಷ್ಮೆ ದಾರದಲ್ಲಿ. ಕೊಕ್ಕೆಯ ಹತ್ತಿರದ ಕಾಣದಂಥ ತುಂಡನ್ನಂತೂ ರೇಷ್ಮೆ ಹುಳದ ಗ್ರಂಥಿಯನ್ನೇ ವಿನೆಗರಿನಲ್ಲಿ ನೆನೆಸಿ, ಎಳೆದು, ಒಣಗಿಸಿ ಮಾಡುತ್ತಿದ್ದರು. ಇದನ್ನು ಓದಿದ ಮೇಲೆ ಶಿಡ್ಲಘಟ್ಟದವನು ಪ್ಲಾಸ್ಟಿಕ್ ದಾರ ಮುಟ್ಟಿದರೆ ಊರಿಗೇ ಅವಮಾನ! ಪಕ್ಕದ ಬೀದಿಯ ರೀಲರ್ ಹತ್ತಿರ ಹೋಗಿ ಹುರಿ ಮಾಡಿದ ರೇಷ್ಮೆ ಕೇಳಿದೆ.

"ಸಾ, ಒಂದು ಕೆಜಿ ರೇಷ್ಮೆ ದುಡ್ಡಲ್ಲಿ ಎಷ್ಟು ಕೆಜಿ ಮೀನು ಬರತ್ತೆ ಗೊತ್ತಾ?" ಎಂದು ಅವನು ನಕ್ಕ. ನಕ್ಕರೂ ಒಂದಿಷ್ಟು ದಾರ ಕೊಟ್ಟ. ಜೊತೆಗೆ, ನೂಲು ಬಿಚ್ಚಿದ ಮೇಲೆ ಗೂಡಿನಲ್ಲಿ ಉಳಿಯುವ ಪ್ಯೂಪಾ ಒಂದು ಕವರು. "ಇದಕ್ಕೆ ಕಚ್ಚದ ಮೀನಿಲ್ಲ. ಮೀನಿನ ಮೇವಿಗೆ ಅಂತಾನೇ ಒಯ್ತಾರೆ." ಬೆಂದ ಪ್ಯೂಪಾದ ವಾಸನೆಯನ್ನು ಬಣ್ಣಿಸಲಾರೆ. ಶಿಡ್ಲಘಟ್ಟದವರಿಗೆ ಬೇಕಿಲ್ಲ, ಮಿಕ್ಕವರು ನಂಬುವುದಿಲ್ಲ.

ಆ ಕವರು ಕಂಕುಳಲ್ಲಿಟ್ಟುಕೊಂಡೇ ಗೌರಿಬಿದನೂರು ಬಸ್ಸು ಹತ್ತಿದೆ. ಊರಿನಲ್ಲಿ ಅಭ್ಯಾಸ ಮಾಡಿದರೆ ನಗುವವರು ಪರಿಚಿತರು. ಅಲ್ಲಾದರೆ ಅಪರಿಚಿತರು ನಗುತ್ತಾರೆ. ಚಿಕ್ಕಬಳ್ಳಾಪುರ ದಾಟುವ ಹೊತ್ತಿಗೆ ನನ್ನ ಸೀಟಿನ ಸುತ್ತ ಮೂರು ಸಾಲು ಖಾಲಿ. "ಯಾರದ್ರೀ ಅದು?" ಎಂದು ಕಂಡಕ್ಟರ್ ಕೂಗಿದಾಗ ಎಲ್ಲರ ಜೊತೆ ನಾನೂ ತಿರುಗಿ ಹಿಂದೆ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಉತ್ತರ ಪಿನಾಕಿನಿಯಲ್ಲಿ ಮರಳಿತ್ತು, ಜಾಲಿಯಿತ್ತು, ಮೇಯುವ ಮೇಕೆಗಳಿದ್ದವು. ನೀರೊಂದು ಇರಲಿಲ್ಲ. ಅಭ್ಯಾಸಕ್ಕೆ ನೀರೇಕೆ? ಕೋಲು ಬೀಸಿದೆ. ಮೊದಲ ಬೀಸಿಗೆ ಜಾಲಿ ಸಿಕ್ಕಿತು, ಎರಡನೆಯದಕ್ಕೆ ನನ್ನದೇ ಪಂಚೆ. ಮೂರನೆಯದಕ್ಕೆ ಮೇಕೆಗಳು ಜಾಗ ಬದಲಿಸಿದವು. ಮೇಕೆ ಕಾಯುವ ಹುಡುಗ ಹತ್ತಿರ ಬಂದು, ಗಂಭೀರವಾಗಿ, "ತಾತಾ, ಮೀನು ಮಳ್ಳೊಳಗೈತಾ?" ಎಂದ.

ಮಾರ್ಚ್ ಒಂದು. ಬೆಳಗಿನ ಐದು ಗಂಟೆಗೆ ಊರಾಚೆಯ ಕೆರೆ ಏರಿಯ ಮೇಲೆ ನಾನು, ನನ್ನ ಕೋಲು, ನನ್ನ ನೋಟ್‌ಬುಕ್. ಕೆರೆಯಲ್ಲಿ ನೀರಿತ್ತು! ಬಿರುಕುಬಿಟ್ಟ ಅಂಗಳದಲ್ಲಿ ಕ್ರಿಕೆಟ್ ಆಡಿ ಬೆಳೆದ ನನ್ನಂಥವನಿಗೆ ಇದೇ ಪವಾಡ. 2021ರ ನವೆಂಬರಿನ ಮಳೆಗೆ ನಮ್ಮ ಕಡೆ ಕೆರೆಗಳು ಕೋಡಿ ಬಿದ್ದಾಗ ಜನ ಹೆಂಡತಿ ಮಕ್ಕಳನ್ನು ಕರೆದುಕೊಂಡು ನೋಡಲು ಹೋಗಿದ್ದರು. ಬೆಂಗಳೂರಿನ ಕೊಳಚೆಯನ್ನು ಎರಡು ಸಲ ಶುದ್ಧಿ ಮಾಡಿ ಜಿಲ್ಲೆಯ ಕೆರೆಗಳಿಗೆ ಹರಿಸುವ ಎಚ್.ಎನ್. ವ್ಯಾಲಿ ನೀರು ಬೇರೆ. ಕುಡಿಯಲಿಕ್ಕಲ್ಲ, ಅಂತರ್ಜಲಕ್ಕೆ ಎಂಬುದು ಅದರ ಸುತ್ತೋಲೆ. ಮೀನುಗಳು ಸುತ್ತೋಲೆ ಓದಿಲ್ಲ.

ನಾಲ್ಕು ಗಂಟೆ ಕೂತೆ. ರೇಷ್ಮೆ ದಾರ ನೀರು ಕುಡಿದು ಶಾವಿಗೆಯಾಯಿತು. ಬೆಂಡು ಮುಳುಗಿತು! ಎಳೆದರೆ ಅಂಗೈಯಗಲದ ಜಿಲೇಬಿ ಮೀನು. ಪುಸ್ತಕದಲ್ಲಿ ಟಿಲಾಪಿಯಾ ಎನ್ನುತ್ತಾರೆ, 1952ರಲ್ಲಿ ಭಾರತಕ್ಕೆ ಬಂದದ್ದು. ಸ್ಕೇಲು ಹಿಡಿದೆ. ಒಂದು ಗೇಣೂ ಇಲ್ಲ. ನಿಯಮ ನಿಯಮವೇ. ಎರಡೂ ಕೈಯಲ್ಲಿ ಹಿಡಿದು, ತವರಿಗೆ ಕಳಿಸುವ ಹಾಗೆ ನೀರಿಗೆ ಬಿಟ್ಟೆ. ಹೀಗೆ ಹನ್ನೊಂದು ಮೀನು ಬಿಟ್ಟು, ಹನ್ನೊಂದನ್ನೂ ದಿನಾಂಕ, ಸಮಯ ಸಹಿತ ನಮೂದಿಸಿದೆ. ಪುಣ್ಯದ ಭಾರಕ್ಕೆ ಕಣ್ಣು ತೇವವಾಗಿತ್ತು. ಪ್ಯೂಪಾದ ಘಾಟೂ ಇರಬಹುದು.

"ಯಾರನ್ನ ಕೇಳಿ ಹಾಕಿದ್ರಿ ಗಾಳ?"

ಕೆರೆ ಕಾಯುವವನು. ಕೈಯಲ್ಲಿ ನನ್ನದಕ್ಕಿಂತ ಗಟ್ಟಿಮುಟ್ಟಾದ ಕೋಲು. ನಾನು ಆತ್ಮವಿಶ್ವಾಸದಿಂದ ನೋಟ್‌ಬುಕ್ ಚಾಚಿದೆ. ಆತ ಪೂರ್ತಿ ಓದಿದ. ನನ್ನ ಬರಹವನ್ನು ಇಷ್ಟು ಶ್ರದ್ಧೆಯಿಂದ ಓದಿದ ಮೊದಲಿಗ.

"ಸಾಮೀ, ಇದು ಹಿಮಾಚಲದ್ದು. ಈ ಕೆರೆ ಮೀನು ಹರಾಜಾಗಿ, ನಮ್ಮ ಯಜಮಾನ್ರು ದುಡ್ಡು ಕಟ್ಟವ್ರೆ. ಕಾಟ್ಲಾ, ರೋಹು ಮರಿ ಬಿಟ್ಟವ್ರೆ. ಅವಕ್ಕೆ ಹಾಕೋ ಮೇವೆಲ್ಲಾ ಈ ಜಿಲೇಬಿ ತಿಂದಾಕ್ತವೆ. ಒಂದು ಇದ್ರೆ ನೂರು ಮಾಡ್ತವೆ. ಇವನ್ನ ಹಿಡ್ದೂ ಹಿಡ್ದೂ ನಮ್ಮ ಕೈ ಬಿದ್ದೋಯ್ತು." ನೋಟ್‌ಬುಕ್ಕಿನ ಕೊನೆಯ ಪುಟದ ಮೇಲೆ ಬೆರಳಿಟ್ಟ. "ಗಾಳ ಹಾಕಿದ್ದು ಹಾಳಾಗೋಗ್ಲಿ. ಹನ್ನೊಂದನ್ನ ವಾಪಸ್ ಬಿಟ್ಟಿದ್ದೀರಲ್ಲಾ, ಅದಕ್ಕೇನು ಹೇಳ್ತೀರಿ?"

ಹೇಳಲು ಏನಿತ್ತು? ತಪ್ಪೊಪ್ಪಿಗೆ ನನ್ನದೇ ಕೈಬರಹದಲ್ಲಿ, ಸಮಯ ಸಹಿತ ಇತ್ತು. ದಂಡದ ಬದಲು ಆತ ಪ್ಯೂಪಾ ಕವರನ್ನು ಜಪ್ತಿ ಮಾಡಿ, ಕಾಟ್ಲಾಗಳಿಗೆ ಎರಚಿದ.

ಸಂಜೆ ಅಕ್ಕನ ಮಗ ಫೋನ್ ಮಾಡಿದ. "ಸೀಸನ್ ಹೇಗಿತ್ತು ಮಾಮ? ನಿಯಮ ಮುರೀಲಿಲ್ಲ ತಾನೆ?"

"ಒಂದೂ ಮುರೀಲಿಲ್ಲ ಕಣಪ್ಪಾ," ಎಂದೆ. "ಅದಕ್ಕೇ ಸಿಕ್ಕಿಬಿದ್ದೆ."