ಗೃಹಮಲಕುಂಡಾವರೋಧ ನಿವಾರಣೆ: ಒಂದು ಬಹುಶಿಸ್ತೀಯ ಅನುಸಂಧಾನ

1. ಪ್ರವೇಶಿಕೆ

ಮನೆಯ ಸೆಪ್ಟಿಕ್ ಟ್ಯಾಂಕಿಗೆ ಕನ್ನಡದ ಚಿಂತನಾ ಪರಂಪರೆಯು ಈವರೆಗೆ ತಾತ್ವಿಕವಾಗಿ ಮುಖಾಮುಖಿಯಾಗದಿರುವುದು ವಿಷಾದನೀಯ. ಪ್ರಸ್ತುತ ಪ್ರಬಂಧವು ಮಲದ ಮೀಮಾಂಸೆ, ನೀರಿನ ರಾಜಕಾರಣ ಹಾಗೂ ನಾಲ್ಕಿಂಚಿನ ಪಿವಿಸಿ ಪೈಪಿನ ಅಸ್ಮಿತೆ ಎಂಬ ಮೂರು ನೆಲೆಗಳಲ್ಲಿ ತನ್ನನ್ನು ತಾನು ಕಟ್ಟಿಕೊಳ್ಳುತ್ತದೆ.

ಅಧ್ಯಯನಕ್ಕೆ ಪ್ರೇರಣೆ ಒಂದು ವಿಚಾರ ಸಂಕಿರಣ. ವಿಷಯ, ನೈರ್ಮಲ್ಯದ ನವಸಂಕಥನಗಳು. ಸಸಿಗೆ ನೀರೆರೆದದ್ದು, ಆಶಯ ನುಡಿ, ದಿಕ್ಸೂಚಿ ಭಾಷಣ, ಹಾರದ ಬದಲು ಪುಸ್ತಕ, ಎಲ್ಲವೂ ಸಾಂಗವಾಗಿ ನಡೆಯಿತು. ಸಭಾಂಗಣದ ಶೌಚಾಲಯದ ಬಾಗಿಲಿಗೆ ಮಾತ್ರ ‘ಬ್ಲಾಕ್ ಆಗಿದೆ, ಬಳಸಬೇಡಿ’ ಎಂಬ ಹಾಳೆ ಅಂಟಿಸಿದ್ದರು. ಬರೆದದ್ದು ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ. ಹಾಳೆ ಒದ್ದೆಯಾಗಿ ಗಣ್ಯರ ಹೆಸರುಗಳೆಲ್ಲ ತಿರುವುಮುರುವಾಗಿ ಮೂಡಿದ್ದವು.

2. ಸೈದ್ಧಾಂತಿಕ ಚೌಕಟ್ಟು

ಫ್ರಾನ್ಸಿನ ಝಾನ್ ಲೂಯಿ ಮೂರಾಸ್ 1881ರಲ್ಲಿ ಪೇಟೆಂಟ್ ಪಡೆದ ಸೆಪ್ಟಿಕ್ ಟ್ಯಾಂಕೆಂಬ ಈ ಕೃತಿಯು ಮೂಲತಃ ಒಂದು ತ್ರಿಸ್ತರ ಪಠ್ಯ. ಮೇಲೆ ತೇಲುವ ಜಿಡ್ಡು, ತಳದಲ್ಲಿ ಕೂರುವ ಕೆಸರು, ನಡುವೆ ಎರಡರೊಂದಿಗೂ ಗುರುತಿಸಿಕೊಳ್ಳಲು ನಿರಾಕರಿಸುವ ನೀರು. ಈ ಮಧ್ಯಮಮಾರ್ಗಿ ನೀರಷ್ಟೇ ಟಿ-ಪೈಪಿನಿಂದ ಹೊರಬಿದ್ದು ಇಂಗುಗುಂಡಿ ಸೇರತಕ್ಕದ್ದು. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಕೆಸರನ್ನು ನಿಧಾನವಾಗಿ ನಿರಚನೆಗೊಳಪಡಿಸುತ್ತವೆ. ನಿರಚನವಾದಿ ಡೆರಿಡಾನ ಹೆಸರು ಕೇಳಿದವಲ್ಲ, ಆದರೂ ಕೆಲಸ ನಡೆಯುತ್ತದೆ. ಮನೆಯವರು ವಾರವಾರವೂ ಆಸಿಡ್, ಬ್ಲೀಚಿಂಗ್ ಪುಡಿ ಧಾರಾಳವಾಗಿ ಸುರಿದು ಈ ವಿಮರ್ಶಕ ವರ್ಗವನ್ನೇ ಕೊಲ್ಲುತ್ತಾರೆ. ಕಮೋಡು ಫಳಫಳ ಹೊಳೆಯುತ್ತದೆ, ಕೆಳಗೆ ಕೆಸರು ಕರಗದೆ ಏರುತ್ತದೆ.

ವಾಸ್ತು ಪ್ರಸ್ಥಾನವನ್ನೂ ಇಲ್ಲಿ ನೆನೆಯಬೇಕು. ಬಚ್ಚಲು ಆಗ್ನೇಯದಲ್ಲಿದ್ದರೂ ಟ್ಯಾಂಕು ವಾಯವ್ಯಕ್ಕೇ ಹೋಗಬೇಕೆಂಬುದು ಪಂಡಿತಮತ. ಆದ್ದರಿಂದ ಪೈಪು ಮನೆಗೆ ಪ್ರದಕ್ಷಿಣೆ ಹಾಕುತ್ತದೆ. ಮೂಲೆಗೊಂದು ಬೆಂಡು, ಇಳಿಜಾರು ದೇವರಿಗೇ ಪ್ರೀತಿ. ಮುಚ್ಚಳ ಎಲ್ಲಿರಬೇಕೆಂಬ ಬಗ್ಗೆ ಪಂಡಿತರದ್ದು ದಿವ್ಯಮೌನ. ಗೃಹಪ್ರವೇಶದ ಹಿಂದಿನ ವಾರ ಅದರ ಮೇಲೆ ಪಾರ್ಕಿಂಗ್ ಟೈಲ್ಸ್ ಬೀಳುತ್ತದೆ, ಟೈಲ್ಸ್ ಮೇಲೆ ಕಾರು ಬರುತ್ತದೆ. ಹತ್ತು ವರ್ಷದ ಮೇಲೆ ಡ್ರಿಲ್ ಹಿಡಿದು ಅಂಗಳವೆಲ್ಲ ಅಗೆಯುವುದಕ್ಕೆ ಕ್ಷೇತ್ರಕಾರ್ಯವೆಂದು ಹೆಸರು.

3. ಅವರೋಧಗಳ ವರ್ಗೀಕರಣ

ಅವರೋಧಗಳು ಒಂಬತ್ತು ಬಗೆ.

ಮೊದಲನೆಯದು ಸ್ನಿಗ್ಧಾವರೋಧ. ಅಡುಗೆಮನೆಯ ಪೈಪನ್ನೂ ಟ್ಯಾಂಕಿಗೇ ಕೊಟ್ಟ ಮನೆಗಳಲ್ಲಿ ಹಪ್ಪಳ ಕರಿದುಳಿದ ಎಣ್ಣೆ ಬಿಸಿಯಾಗಿ ಒಳಹೊಕ್ಕು, ತಣಿದು, ಪೈಪಿನ ಒಳಮೈಗೆ ಮೆತ್ತಿಕೊಳ್ಳುತ್ತದೆ. ಎರಡನೆಯದು ಮೂಲಾವರೋಧ. ಬೇರು ನೀರಿನ ಪಸೆ ಹುಡುಕುತ್ತಾ ಬಂದು, ಸಡಿಲ ಜಾಯಿಂಟಿನಲ್ಲಿ ತೂರಿ, ಒಳಗೆ ಜಡೆ ಕಟ್ಟುತ್ತದೆ. ಮೂರನೆಯದು ಗೋಪ್ಯಾವರೋಧ. ಸ್ಯಾನಿಟರಿ ಪ್ಯಾಡ್, ಡೈಪರ್, ಕಾಂಡೋಮ್, ಒದ್ದೆ ವೈಪ್ಸ್, ಅಂದರೆ ನಾಲ್ಕು ಜನರ ಕಣ್ಣಿಗೆ ಬೀಳಬಾರದ್ದೆಲ್ಲ. ಪ್ಯಾಡಿನೊಳಗಿನ ಪಾಲಿಮರ್ ನೀರು ಕುಡಿದು ಊದಿಕೊಳ್ಳುತ್ತದೆ, ಯಾವ ಬ್ಯಾಕ್ಟೀರಿಯಾಕ್ಕೂ ಜಗ್ಗುವುದಿಲ್ಲ. ನಾಲ್ಕನೆಯದು...

ನಾಲ್ಕನೆಯದು ಇರಲಿ ಬಿಡಿ. ಒಂಬತ್ತಕ್ಕೂ ಬುಡ ಒಂದೇ: ಕಣ್ಣಿಗೆ ಕಾಣದ ಮೇಲೆ ನಮ್ಮದಲ್ಲ ಎಂಬ ಧೈರ್ಯ.

ವರ್ಗೀಕರಣ ಇಲ್ಲಿಗೆ ಸಾಕು, ಯಾಕೆಂದರೆ ಕಟ್ಟಿಕೊಂಡ ಮೇಲೆ ನಡೆಯುವುದಕ್ಕೆ ಪರಿಭಾಷೆ ಬೇಕಾಗಿಲ್ಲ. ಸಕ್ಕಿಂಗ್ ಲಾರಿಗೆ ಫೋನ್ ಹೋಗುತ್ತದೆ. ಲಾರಿ ಗಲ್ಲಿಯೊಳಗೆ ತಿರುಗುವುದಿಲ್ಲ, ತಿರುಗಿದರೂ ವರ್ಷಗಟ್ಟಲೆ ಗಟ್ಟಿಯಾದ ಕೆಸರು, ಪ್ಯಾಡು, ಬಟ್ಟೆಚೂರು ಪೈಪಿಗೆ ಏರುವುದಿಲ್ಲ. ಆಗ ಗೇಟಿನ ಬಳಿ ಮೂಗಿಗೆ ಕರ್ಚೀಫು ಹಿಡಿದು ನಿಂತ ಯಜಮಾನರು ಹೇಳುತ್ತಾರೆ: ‘ಮೇಲೊಂದು ಐನೂರು ಕೊಡ್ತೀನಿ, ಇಳಿದು ಒಂಚೂರು ಕೈಯಾಡಿಸಿಬಿಡಪ್ಪ.’ ಹಾಗೆ ಇಳಿಯುವವನ ಜಾತಿ ಯಾವುದೆಂದು ಈ ದೇಶದಲ್ಲಿ ಯಾರೂ ಕೇಳಿ ತಿಳಿಯಬೇಕಿಲ್ಲ. ಒಳಗಿರುವುದು ಹೈಡ್ರೋಜನ್ ಸಲ್ಫೈಡ್. ಮೊದಲು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಪ್ರಮಾಣ ಏರಿದರೆ ಮೂಗಿನ ಗ್ರಹಿಕೆಯೇ ಸತ್ತು ವಾಸನೆ ಹೋಯಿತೆಂದೇ ಅನ್ನಿಸುತ್ತದೆ. ಇಳಿದವನು ಕುಸಿಯುತ್ತಾನೆ, ಎತ್ತಲು ಹೋದ ತಮ್ಮನೋ ಮಗನೋ ಅವನ ಮೇಲೇ ಬೀಳುತ್ತಾನೆ. ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲು. ಮರುವರ್ಷ ಇನ್ನೊಂದು ಸಂಕಿರಣ, ಘನತೆಯ ಬದುಕು ಕುರಿತು, ಊಟೋಪಚಾರ ಸಹಿತ. ನಾಚಿಕೆಯಾಗಬೇಕು ನಮಗೆ.

ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 70ರ ದಶಕದಲ್ಲೇ, ಈ ರಾಜ್ಯದಲ್ಲಿ ನಿಷೇಧಿಸಿದ್ದರು. ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಈ ಪದ್ಧತಿಯ ವಿರುದ್ಧದ ಹೋರಾಟಕ್ಕಾಗಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ದೇವನಹಳ್ಳಿಯಲ್ಲಿ 2015ರಲ್ಲೇ ಲಾರಿ ತಂದ ಕೆಸರನ್ನು ಸಂಸ್ಕರಿಸುವ ಘಟಕ ಶುರುವಾಯಿತು. ದಾರಿ ಗೊತ್ತಿಲ್ಲದ ನಾಡೇನಲ್ಲ ಇದು.

ಓದುಗರೇ, ಪ್ರಬಂಧದ ಫಲಿತಗಳು ಹಾಳಾಗಲಿ. ನಿಮ್ಮ ಟ್ಯಾಂಕಿನ ಮುಚ್ಚಳ ಎಲ್ಲಿದೆ ಎಂದು ಇವತ್ತೇ ಪತ್ತೆಮಾಡಿ. ಬಚ್ಚಲಲ್ಲಿ ಒಂದು ಕಸದ ಡಬ್ಬಿ ಇಡಿ, ಪ್ಯಾಡನ್ನು ಕಾಗದದಲ್ಲಿ ಸುತ್ತಿ ಅದಕ್ಕೆ ಹಾಕಿ. ಎಣ್ಣೆ ಪಾತ್ರೆಯನ್ನು ಹಳೇ ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯಿರಿ. ಎರಡು ಮೂರು ವರ್ಷಕ್ಕೊಮ್ಮೆ, ಕಟ್ಟಿಕೊಳ್ಳುವ ಮುಂಚೆಯೇ, ಲಾರಿ ಕರೆಸಿ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ, ರಕ್ಷಣೆಯಿಲ್ಲದೆ ಮನುಷ್ಯನನ್ನು ಟ್ಯಾಂಕಿಗೆ ಇಳಿಸಿದರೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗೇಟಿನ ಬಳಿ ನಿಂತು ಇಳಿಸಿದ ಯಜಮಾನರಿಗೂ ಅದು ಅನ್ವಯಿಸುತ್ತದೆ.