ಬೇಲಿಮೀಮಾಂಸೆ

ಚಂದಗುಳಿ ಸೀಮೆಯಲ್ಲಿ ಬೇಲಿಯ ಲಕ್ಷಣ ಹೇಳುವ ಅಧಿಕಾರ ತೋಟದ ಯಜಮಾನನದಲ್ಲ, ದನದ್ದು. ದನ ಒಪ್ಪಿದ್ದು ಬೇಲಿ. ಉಳಿದದ್ದು ಬರಿಯ ಗಿಡಗಳ ಸಾಲು.

ಇಲ್ಲಿ ಪೂರ್ವಪಕ್ಷ: ಯಲ್ಲಾಪುರ, ಶಿರಸಿ, ಸಿದ್ದಾಪುರಗಳಲ್ಲಿ ಎಕರೆ ಅಡಿಕೆ ತೋಟಕ್ಕೆ 9 ಎಕರೆ ಸೊಪ್ಪಿನ ಬೆಟ್ಟದ ಲೆಕ್ಕವಿದೆ. ಒಂಬತ್ತನ್ನು ಬಿಟ್ಟು ಒಂದಕ್ಕೆ ದನ ಯಾಕೆ ಆಸೆಪಟ್ಟೀತು? ಸಮಾಧಾನ: ಬೆಟ್ಟದಲ್ಲಿ ಬಾಳೆಕಂದಿಲ್ಲ.

ಬೇಲಿವಾದಿಗಳಲ್ಲಿ ಮತಭೇದ ಬಹಳ. ದಾಸವಾಳಮತದವರಿಗೆ ಬೇಲಿಯೂ ಆಯಿತು, ಗಣಪತಿಗೆ ಹೂವೂ ಆಯಿತು. ಆದರೆ ಎಲೆಯ ನೈವೇದ್ಯ ದನಕ್ಕೇ. ಆಡುಸೋಗೆಮತದವರದು ಗಟ್ಟಿ ವಾದ, ಆ ಕಹಿಗೆ ದನ ಬಾಯಿ ಹಾಕುವುದಿಲ್ಲ. ಬಾಯಿ ಹಾಕದೆಯೂ ಮೈ ತೂರಿಸಬಹುದೆಂಬುದು ಅವರಿಗೆ ಹೊಳೆದಂತಿಲ್ಲ. ಗೊಬ್ಬರಗಿಡದವರು ಮಳೆ ಹಿಡಿಯುವಾಗ ಗೂಟ ಊರುತ್ತಾರೆ. ಅದು ಚಿಗುರಿದ ಮೇಲೆ ಸೊಪ್ಪು ಕಡಿದು ಅಡಿಕೆಮರದ ಬುಡಕ್ಕೆ ಹಾಕುತ್ತಾರೆ. ಪ್ರಸ್ತುತ ಲೇಖಕನ ಒಲವು ಇತ್ತಲೇ, ಒಂದು ಷರತ್ತಿನ ಮೇಲೆ: ಗಿಡ ಎಳೆಯದಾಗಿರುವಾಗಲೇ ತಗ್ಗಿಸಿ ಕಡಿಯಬೇಕು. ಆಗ ಬುಡದಲ್ಲೇ ಕವಲೊಡೆಯುತ್ತದೆ. ಮೇಲೆ ಮಾತ್ರ ಸವರುತ್ತ ಹೋದರೆ ತಲೆ ದಟ್ಟ, ಬುಡ ಬೋಳು. ಮಲೆನಾಡು ಗಿಡ್ಡ ತಳಿಯ ದನ ಓದುವುದು ಬುಡವನ್ನೇ: ಮೊದಲು ಮೂತಿ, ಆಮೇಲೆ ಒಂದು ಕೋಡು ಓರೆ ಮಾಡಿ ಇನ್ನೊಂದು, ಮುಂಗಾಲು ಮಡಚಿ ಹೆಗಲು, ಬಾಲ ದಾಟುವ ಹೊತ್ತಿಗೆ ಬೇಲಿ ಮತ್ತೆ ಮೊದಲಿನಂತೆ ಕೂಡಿಕೊಂಡಿರುತ್ತದೆ.

ಮಂಗಗಳು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ದನ ನುಗ್ಗಿದೆಯೆಂಬುದಕ್ಕೆ ಪ್ರಮಾಣಗಳು ಮೂರು. ಪ್ರತ್ಯಕ್ಷ ದುರ್ಲಭ, ಏಕೆಂದರೆ ಅದು ರಾತ್ರಿಯ ಕೆಲಸ. ಅನುಮಾನ ಸುಲಭ: ಎಲ್ಲಿ ಸಗಣಿಯೋ ಅಲ್ಲಿ ಸಂದು. ಶಬ್ದಪ್ರಮಾಣ, ಅಂದರೆ ಕೊರಳ ಗಂಟೆ, ಬೇರೆ ಊರುಗಳಲ್ಲಿ ನಿರ್ವಿವಾದ. ಚಂದಗುಳಿಯಲ್ಲಿ ಮಾತ್ರ ಸಂದಿಗ್ಧ. ಇಲ್ಲಿ ಘಂಟೆ ಗಣಪತಿಗೆ ಇಷ್ಟಾರ್ಥ ಈಡೇರಿದವರು ಗಂಟೆ ಕಟ್ಟುತ್ತಾರೆ. ದೂರದಲ್ಲಿ ಗಂಟೆ ಕೇಳಿದರೆ ಯಾರೋ ಭಕ್ತರ ಹರಕೆ ತೀರಿತೋ, ದನದ್ದೇ ತೀರಿತೋ ಹೇಳುವಂತಿಲ್ಲ.

ದೋಷ ಯಾರದ್ದು? 1871ರ ಬ್ರಿಟಿಷ್ ಕಾಯ್ದೆ ನುಗ್ಗಿದ ದನವನ್ನು ಕೊಂಡವಾಡಕ್ಕೆ ಅಟ್ಟಿ ಒಡೆಯನಿಂದ ದಂಡ ಕಟ್ಟಿಸಿಕೊಳ್ಳುತ್ತಿತ್ತು. ಊರ ಸ್ಮೃತಿ ಬೇರೆ. “ನಿಮ್ಮನೆ ಬೇಲಿ ಸಮಾ ಇದ್ದಿದ್ರೆ ಯಮ್ಮನೆ ದನ ಎಂತಕ್ಕೆ ಬತ್ತಿತ್ತು ಭಾವಾ?” ಎಂಬ ಪ್ರಶ್ನೆ ಎದ್ದರೆ ಇಬ್ಬರೂ ಜಗಲಿಯ ಮೇಲೆ ಕುಳಿತು ಕವಳದ ಬಟ್ಟಲು ಎಳೆದುಕೊಳ್ಳುತ್ತಾರೆ. ಚರ್ಚೆ ಬೇಲಿಯಿಂದ ದಣಪೆಗೆ, ದಣಪೆಯಿಂದ ಅಜ್ಜನ ಕಾಲದ ಗಡಿಗೆ ಹೋಗುತ್ತದೆ. ದನವನ್ನು ತೋಟದಿಂದ ಹೊರಗೆ ಅಟ್ಟುವ ವಿಷಯ ಇಬ್ಬರ ವಾದದಲ್ಲೂ ಬರುವುದಿಲ್ಲ.