ತೊಂಬತ್ತು ದಿನದ ಅಜ್ಜಿ

ನೆದರ್ಲೆಂಡ್ಸಿನಲ್ಲಿ ಹೊಸಬರ ಪರಿಚಯವಾದರೆ ‘ಎಲ್ಲಿ ಕೆಲಸ’ ಅಂತ ಕೇಳಿದ ಬೆನ್ನಿಗೇ ‘ಎಷ್ಟು ದಿನ ಕೆಲಸ’ ಅಂತ ಕೇಳುತ್ತಾರೆ. ನಮ್ಮೂರಲ್ಲಿ ಈ ಪ್ರಶ್ನೆಯನ್ನು ಪಾತ್ರೆ ತೊಳೆಯಲು ಬರುವವರಿಗೆ ಬಿಟ್ಟರೆ ಇನ್ಯಾರಿಗೂ ಕೇಳಿದ್ದನ್ನು ನಾನು ಕಂಡಿಲ್ಲ. ಇಲ್ಲಿ ಇದು ಮರ್ಯಾದಸ್ಥರ ಪ್ರಶ್ನೆ. ಕೆಲಸಕ್ಕೆ ಹೋಗುವ ಮೂವರು ಹೆಂಗಸರಲ್ಲಿ ಇಬ್ಬರಾದರೂ ಪಾರ್ಟ್ ಟೈಮ್. ಗಂಡಸರಲ್ಲೂ ಬೇಕಾದಷ್ಟು ಜನ ಇದ್ದಾರೆ. ಇಡೀ ದೇಶದ ಸರಾಸರಿಯೇ ವಾರಕ್ಕೆ ಸುಮಾರು 32 ಗಂಟೆ, ಯುರೋಪಿಯನ್ ಒಕ್ಕೂಟದಲ್ಲೇ ಅತಿ ಕಡಿಮೆ. ನಾನು 28 ಗಂಟೆಯವಳು: ಬುಧವಾರ ರಜೆ, ಶುಕ್ರವಾರ ಅರ್ಧ ದಿನ. ನಮ್ಮನೆಯವರು 36 ಗಂಟೆಯನ್ನು ನಾಲ್ಕು ದಿನಕ್ಕೆ ಒಂಬತ್ತೊಂಬತ್ತರಂತೆ ಹಂಚಿಕೊಂಡು ಶುಕ್ರವಾರ ಮನೆಯಲ್ಲಿರುತ್ತಾರೆ. ಆ ದಿನಕ್ಕೆ ಇಲ್ಲಿ ‘ಪಪ್ಪಾ ದಾಖ್’ ಅನ್ನುತ್ತಾರೆ, ಅಪ್ಪನ ದಿನ.

ಇದನ್ನು ಮೈಸೂರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ವಿವರಿಸಿದೆ.

“ಅಳಿಯಂದ್ರು ಶುಕ್ರವಾರ ಮನೇಲಿರ್ತಾರಾ? ಕೆಲಸಕ್ಕೇನೂ ತೊಂದರೆ ಇಲ್ಲ ತಾನೇ?”

“ಇಲ್ಲಮ್ಮ, ಮಗು ನೋಡ್ಕೊಳ್ಳೋಕೆ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ, “ಯಾರ ಹತ್ರಾನೂ ಬಾಯಿಬಿಡ್ಬೇಡ ಕಣೇ. ಕೇಳಿದ್ರೆ ನಾನು ವರ್ಕ್ ಫ್ರಮ್ ಹೋಮ್ ಅಂತೀನಿ” ಅಂದಳು.

ನನ್ನ ಬೆಂಗಳೂರಿನ ಟೀಮಿನವರದು ಇನ್ನೊಂದು ಕಥೆ. ಪ್ರತಿ ಬುಧವಾರ ತಪ್ಪದೆ ಮೆಸೇಜು: “ಮೇಡಂ, ಇವತ್ತು ರಜೆನಾ? ಹುಷಾರಿಲ್ವಾ?” ವಾರಕ್ಕೊಮ್ಮೆ ಕಾಯಿಲೆ ಬೀಳುವ ಈ ಮೇಡಮ್ಮಿನ ಬಗ್ಗೆ ಅವರಿಗೆ ನಿಜವಾಗಿಯೂ ಕನಿಕರ. ಇಲ್ಲಿಯ ಬಾಸ್ ತದ್ವಿರುದ್ಧ. ಬುಧವಾರ ಒಂದು ಈಮೇಲಿಗೆ ಉತ್ತರ ಕೊಟ್ಟೆ ಅಂತ ಗುರುವಾರ ಕರೆದು, “ನಿನ್ನೆ ನಿನಗೆ ರಜೆಯಲ್ಲವೇ, ಮನೆಯಲ್ಲಿ ಏನಾದರೂ ಸಮಸ್ಯೆಯೇ?” ಅಂತ ಕೇಳಿದ. ಈಗ ಮಕ್ಕಳನ್ನು ಮಲಗಿಸಿ, ರಾತ್ರಿ ಕಳ್ಳತನದಲ್ಲಿ ಕೆಲಸ ಮಾಡಿ, ಈಮೇಲು ಬೆಳಗ್ಗೆ ಎಂಟೂವರೆಗೆ ಹೋಗುವ ಹಾಗೆ ಟೈಮಿಂಗ್ ಇಟ್ಟು ಮಲಗುತ್ತೇನೆ. ಲಂಚವನ್ನು ಮುಚ್ಚಿಡುವವರನ್ನು ಕಂಡಿದ್ದೇವೆ, ದುಡಿಮೆಯನ್ನು ಮುಚ್ಚಿಡುವ ಕರ್ಮ ನನ್ನದು.

ಕಾನೂನಿನ ಮಟ್ಟಿಗೆ ಈ ದೇಶಕ್ಕೆ ಕೈ ಮುಗಿಯಬೇಕು. ಕೆಲಸದ ಗಂಟೆ ಇಳಿಸಿ ಅಂತ ಅರ್ಜಿ ಹಾಕುವ ಹಕ್ಕು 2000ದಿಂದಲೇ ಇದೆ. 2016ರ ಹೊಸ ಕಾಯ್ದೆಯ ಪ್ರಕಾರ ಆರು ತಿಂಗಳು ಕೆಲಸ ಮಾಡಿದ್ದರೆ ಸಾಕು. ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಇರುವ ಕಂಪನಿಯಾದರೆ ತಕ್ಕ ಕಾರಣವಿಲ್ಲದೆ ಇಲ್ಲ ಅನ್ನುವ ಹಾಗಿಲ್ಲ. ತೊಡಕೆಲ್ಲ ಕಾನೂನಿನಿಂದ ಆಚೆ, ಡೇ ಕೇರಿನ ಬಾಗಿಲಿನಿಂದ ಶುರು.

ಡೇ ಕೇರಿಗೆ ಗಂಟೆಗೆ 10 ಯೂರೋ ದಾಟುತ್ತದೆ. ಮಗು ಆರು ಗಂಟೆ ಇರಲಿ ಎಂಟು ಗಂಟೆ ಇರಲಿ, ನಮ್ಮದರಲ್ಲಿ ಬಿಲ್ಲು ಇಡೀ ದಿನಕ್ಕೆ, 11 ಗಂಟೆಗೆ. “ದಿನಕ್ಕೆ ಹತ್ತು ಸಾವಿರವಾ? ಬಂಗಾರದ ತೊಟ್ಟಿಲಲ್ಲಿ ಮಲಗಿಸ್ತಾರಾ?” ಅಂದಳು ಅಮ್ಮ. ಮಲಗಿಸುವುದು ಅಂಗಳದಲ್ಲಿಟ್ಟ ಮರದ ಗೂಡಿನಲ್ಲಿ, ತಣ್ಣನೆ ಗಾಳಿಗೆ, ದಪ್ಪ ಸ್ಲೀಪಿಂಗ್ ಬ್ಯಾಗಿನೊಳಗೆ ತುರುಕಿ, ಆರೋಗ್ಯಕ್ಕೆ ಒಳ್ಳೆಯದು ಅಂತ. ಕೋಳಿಗೂಡಿಗೂ ಅದಕ್ಕೂ ನನಗಂತೂ ವ್ಯತ್ಯಾಸ ಕಾಣಲಿಲ್ಲ. ಆ ಫೋಟೋವನ್ನು ಅಮ್ಮನಿಗೆ ಕಳಿಸುವ ಧೈರ್ಯ ಈವರೆಗೂ ಬಂದಿಲ್ಲ. ಖರ್ಚಿನಲ್ಲಿ ಒಂದು ಪಾಲನ್ನು ಸರ್ಕಾರ ತುಂಬಿಕೊಡುತ್ತದೆ ನಿಜ, ಆದರೆ ವರ್ಷದ ಆದಾಯವನ್ನು ಮೊದಲೇ ಅಂದಾಜು ಮಾಡಿ ಹೇಳಬೇಕು, ಹೆಚ್ಚು ಬಂದಿದ್ದರೆ ವಾಪಸ್ ಕಟ್ಟಬೇಕು. ಇದೇ ಭತ್ಯೆಯ ವಿಷಯದಲ್ಲಿ ಸಾವಿರಾರು ತಂದೆತಾಯಿಯರನ್ನು ಸುಮ್ಮಸುಮ್ಮನೆ ವಂಚಕರೆಂದು ಕರೆದ ಹಗರಣಕ್ಕೆ 2021ರ ಜನವರಿಯಲ್ಲಿ ಸರ್ಕಾರವೇ ರಾಜೀನಾಮೆ ಕೊಟ್ಟಿತ್ತು. ಹಾಗಾಗಿ ನಮ್ಮನೆಯವರು ಸಂಬಳ ಹತ್ತು ಯೂರೋ ಹೆಚ್ಚಾದರೂ ರಾತ್ರೋರಾತ್ರಿ ವೆಬ್‌ಸೈಟಿಗೆ ಹೋಗಿ ಒಪ್ಪಿಸಿ ಬರುತ್ತಾರೆ.

ಇಷ್ಟೆಲ್ಲ ಕೊಟ್ಟಮೇಲೂ ಮಗುವಿಗೆ ಮೈ ಬಿಸಿಯಾಯಿತೋ, ಫೋನ್ ಬರುತ್ತದೆ: ಬಂದು ಕರೆದುಕೊಂಡು ಹೋಗಿ. ಬಿಲ್ಲು ಮಾತ್ರ ಡೇ ಕೇರಿನಲ್ಲೇ ಉಳಿಯುತ್ತದೆ. ಡಾಕ್ಟರಿಗೆ ಫೋನ್ ಮಾಡಿದರೆ ಪ್ಯಾರಾಸಿಟಮಾಲ್ ಕೊಟ್ಟು ಮೂರು ದಿನ ನೋಡಿ ಅನ್ನುತ್ತಾರೆ. ನೋಡಬೇಕು ಸರಿ, ಯಾರು ನೋಡಬೇಕು? ಕಾಯಿಲೆ ಬಿದ್ದ ಮನೆಯವರನ್ನು ನೋಡಿಕೊಳ್ಳಲೆಂದೇ ಒಂದು ರಜೆ ಇದೆ. ವರ್ಷಕ್ಕೆ ನಮ್ಮ ವಾರದ ಗಂಟೆಯ ಎರಡರಷ್ಟು, ಶೇ. 70 ಸಂಬಳದಲ್ಲಿ. ನನಗೆ 56 ಗಂಟೆ ಅಂತಾಯಿತು. ಪಾರ್ಟ್ ಟೈಮ್ ಅಮ್ಮನಿಗೆ ರಜೆಯೂ ಪಾರ್ಟ್ ಟೈಮ್; ಚಿಕ್ಕ ಮಗನ ನೆಗಡಿ ಮಾತ್ರ ಪರ್ಮನೆಂಟ್, ಬೋನಸ್ ಸಮೇತ. ನವೆಂಬರ್ ಮುಗಿಯುವುದರೊಳಗೆ ನನ್ನ 56 ಗಂಟೆ ಮೂಗು ಒರೆಸುವುದರಲ್ಲೇ ಮುಗಿದಿರುತ್ತದೆ.

ಹಾಗಾದರೆ ಈ ಡಚ್ಚರು ಹೇಗೆ ನಿಭಾಯಿಸುತ್ತಾರೆ ಅಂತ ಪಕ್ಕದ ಮನೆ ನೋಡಿ ತಿಳಿದುಕೊಂಡೆ. ಅವರ ಹತ್ತಿರ ‘ಓಮಾ’ ಇದ್ದಾಳೆ, ಅಜ್ಜಿ. ಅವಳು ಪ್ರತಿ ಮಂಗಳವಾರ ಬೆಳಗ್ಗೆ ಎಂಟಕ್ಕೆ ಸೈಕಲ್ ಮೇಲೆ ಬಂದು, ಸಂಜೆ ಆರಕ್ಕೆ ಮೊಮ್ಮಕ್ಕಳನ್ನು ಒಪ್ಪಿಸಿ, ಉಳಿದ ಸೂಪನ್ನು ಡಬ್ಬಿಗೆ ಹಾಕಿಕೊಂಡು ಹೊರಟಳೆಂದರೆ ಮುಗಿಯಿತು. ಗುರುವಾರ ಈಜು, ಶುಕ್ರವಾರ ಇಸ್ಪೀಟು. ಬುಧವಾರ ಬಾರಮ್ಮ ಅಂದರೆ ಡೈರಿ ತೆಗೆದು ನೋಡುತ್ತಾಳೆ. ಆದರೆ ಮಗುವಿಗೆ ಜ್ವರ ಅಂದಾಗ ಗೊಣಗಿಕೊಂಡಾದರೂ ಬರುತ್ತಾಳೆ. ಈ ದೇಶದ ಪಾರ್ಟ್ ಟೈಮ್ ನಿಂತಿರುವುದು 2016ರ ಕಾಯ್ದೆಯ ಮೇಲಲ್ಲ, ಓಮಾಳ ಮಂಗಳವಾರದ ಮೇಲೆ ಅಂತ ನನಗೆ ಅವತ್ತು ಖಾತ್ರಿಯಾಯಿತು.

ನಮ್ಮ ಅಜ್ಜಿಯರಿಗೆ ಡೈರಿ ಇಲ್ಲ, ವೀಸಾ ಇದೆ. ಯಾವುದೇ 180 ದಿನಗಳಲ್ಲಿ 90 ದಿನ, ಒಂದು ದಿನವೂ ಹೆಚ್ಚಿಲ್ಲ. ನಮ್ಮನೆಯವರು ಇದಕ್ಕೆ ಎಕ್ಸೆಲ್ಲಿನಲ್ಲಿ ಉಪಾಯ ಕಂಡುಹಿಡಿದರು. ನಮ್ಮಮ್ಮ 90 ದಿನ, ಅವರು ಹೋದಮೇಲೆ ಅತ್ತೆ 90 ದಿನ, ಅವರು ಹೋದಮೇಲೆ ಮತ್ತೆ ನಮ್ಮಮ್ಮ. ವರ್ಷಪೂರ್ತಿ ಅಜ್ಜಿ! ಅಮ್ಮನಿಗೆ ಹಸಿರು, ಅತ್ತೆಗೆ ಹಳದಿ. ಲೆಕ್ಕ ಕಾನೂನಿನ ಪ್ರಕಾರ ಸರಿಯಾಗೇ ಇತ್ತು, ಅಜ್ಜಿಯರನ್ನು ಕೇಳಿರಲಿಲ್ಲ ಅಷ್ಟೇ.

ಅಮ್ಮನಿಗೆ ಶ್ರಾವಣದಲ್ಲಿ ಆಗುವುದಿಲ್ಲ, ವರಮಹಾಲಕ್ಷ್ಮಿಗೆ ಕಳಶ ಇಡುವವರು ಯಾರು? ದಸರಾದಲ್ಲಿ ಆಗುವುದಿಲ್ಲ, ಗೊಂಬೆ ಕೂರಿಸಬೇಕು. ದಾವಣಗೆರೆಯ ಅತ್ತೆಗೆ ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ. ಫೆಬ್ರವರಿ, ಮಾರ್ಚಿನಲ್ಲಿ ಮಗಳ ಮಗನ ಎಸ್ಸೆಸ್ಸೆಲ್ಸಿ. ಇಬ್ಬರೂ ಒಮ್ಮತದಿಂದ ಒಪ್ಪಿದ್ದು ಒಂದೇ ಮಾತು: ನವೆಂಬರಿನಿಂದ ಜನವರಿವರೆಗೆ ಆ ದೇಶಕ್ಕೆ ಮನುಷ್ಯರು ಹೋಗಬಾರದು. ಮಕ್ಕಳಿಗೆ ಸಾಲಾಗಿ ಜ್ವರ ಬರುವುದು ಸರಿಯಾಗಿ ಆಗಲೇ.

ಕೊನೆಗೆ ಅಮ್ಮ ಏಪ್ರಿಲ್‌ನಲ್ಲಿ ಬಂದಿಳಿದಳು, ಟ್ಯುಲಿಪ್ ಹೂವಿನ ಜೊತೆಗೆ. ಮಕ್ಕಳು ಗುಂಡುಕಲ್ಲಿನ ಹಾಗಿದ್ದರು. ದೊಡ್ಡ ಮಗಳು ಬುಧವಾರ ಮಧ್ಯಾಹ್ನ ಸ್ಕೂಲಿನಿಂದ ಬಂದರೆ ಸಾರನ್ನ ರೆಡಿ, ಚಿಕ್ಕವನು ಬ್ರೆಡ್ಡಿನ ಮೇಲೆ ಚಾಕೊಲೇಟ್ ಚೂರು ಉದುರಿಸಿ ತಿನ್ನುವುದನ್ನು ನೋಡಿ, “ಇದು ಊಟನೇನೇ?” ಅಂತ ಅಮ್ಮ ಮೊಸರನ್ನ ಕಲಸಿದಳು. ನಾನು ವರ್ಷಗಳ ನಂತರ ಹಗಲಲ್ಲಿ ಎರಡು ಕೈಯಲ್ಲೂ ಟೈಪ್ ಮಾಡಿದೆ. ಅಪ್ಪನ ದಿನ ಅಪ್ಪನನ್ನು ಅಡುಗೆಮನೆಯ ಹತ್ತಿರವೂ ಬಿಡುತ್ತಿರಲಿಲ್ಲ: “ಅಳಿಯಂದ್ರೇ, ನೀವು ಕೂತ್ಕೊಳಿ.” ಅವರು ಎರಡನೇ ಸಲ ಹೇಳಿಸಿಕೊಳ್ಳುತ್ತಿರಲಿಲ್ಲ.

ಪಕ್ಕದ ಮನೆಯ ಓಮಾಳ ವಿಷಯ ಬಾಯಿಬಿಟ್ಟವಳು ದೊಡ್ಡವಳು. ಅಮ್ಮ ಸುಮ್ಮನೆ ಕೇಳಿಸಿಕೊಂಡಳು. ನಾವಿರುವ ಆಮ್ಸ್ಟೆಲ್‌ವೇನ್‌ನ ಪಾರ್ಕಿನಲ್ಲಿ ಸಂಜೆ ನಮ್ಮ ಕಡೆಯ ಅಜ್ಜ ಅಜ್ಜಿಯರಿಗೆ ಕೊರತೆಯಿಲ್ಲ. ಅಲ್ಲಿ ಏನು ಚರ್ಚೆಯಾಯಿತೋ ಕಾಣೆ. ಒಂದು ಭಾನುವಾರ ರಾತ್ರಿ ಊಟವಾದಮೇಲೆ ಅಮ್ಮ ಕೈ ಒರೆಸಿಕೊಂಡು ಬಂದು ನಿಂತಳು.

“ನೋಡೇ, ಇನ್ಮೇಲೆ ಶುಕ್ರವಾರ ನನ್ನ ದಿನ. ಬೆಳಗ್ಗೆ ಲಲಿತಾ ಸಹಸ್ರನಾಮ, ಆಮೇಲೆ ಪಾರ್ಕಲ್ಲಿ ಸಿಕ್ಕ ಬಸವನಗುಡಿಯೋರ ಜೊತೆ ಟ್ರಾಮಲ್ಲಿ ಓಡಾಟ. ಮಧ್ಯಾಹ್ನದ ಊಟ ಅಳಿಯಂದ್ರು ಮಾಡ್ಲಿ. ಹೇಗಿದ್ರೂ ಅವರ ದಿನಾನೇ ಅಲ್ವಾ? ಊರಲ್ಲಿ ನಾನೇನೂ ಹೇಳಲ್ಲ.”

ನಮ್ಮನೆಯವರು ಮಾತಾಡದೆ ಲ್ಯಾಪ್‌ಟಾಪ್ ತೆರೆದು, ಹಸಿರು ಕಾಲಮ್ಮಿನ ಶುಕ್ರವಾರಗಳನ್ನೆಲ್ಲ ಒಂದೊಂದಾಗಿ ಕೆಂಪು ಮಾಡತೊಡಗಿದರು.